ಡ್ರೋನ್ ವ್ಯವಹಾರ ಮತ್ತು ನಾಲ್ಕು ರಬ್ಬರ್ ತುಂಡುಗಳ ಲೆಕ್ಕ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಗಳಲ್ಲಿ ಮದ್ದು ಹೊಡೆಯುವ ಕಾರ್ಯಕ್ಕೆ ಡ್ರೋನ್ ಕಾಲಿಟ್ಟಿರುವುದು ಈಗ ಹೊಸ ಸಂಗತಿಯಲ್ಲ. ಮರವೇರಬಲ್ಲ ಕೊನೆಗೌಡರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕಾರ್ಬನ್ ಫೈಬರಿನ ದೋಟಿ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆಯಾದರೂ ಅದನ್ನು ದಿನವಿಡೀ ಹಿಡಿದು ನಿಲ್ಲುವ ತೋಳುಗಳೂ ಬೇಕಷ್ಟೆ. ಇದರೊಡನೆ, 2022ರ ಸುಮಾರಿಗೆ ಮಲೆನಾಡಿನ ತೋಟಗಳನ್ನು ವ್ಯಾಪಕವಾಗಿ ಬಾಧಿಸಿದ ಎಲೆಚುಕ್ಕೆ ರೋಗವು ಗೊನೆಗಷ್ಟೇ ಅಲ್ಲದೆ ಹೆಡೆಗಳಿಗೂ ಮದ್ದು ತಲುಪಿಸಬೇಕಾದ ಅನಿವಾರ್ಯತೆಯನ್ನು ತಂದಿತು. ಕೊಳೆರೋಗಕ್ಕೆ ಸಂಬಂಧಿಸಿದಂತೆ ಡ್ರೋನಿನ ಉಪಯುಕ್ತತೆಯ ಬಗ್ಗೆ ಈ ಲೇಖಕನಿಗೆ ಅನುಮಾನಗಳಿವೆ; ಗೊನೆಗಳು ಹೆಡೆಯ ಕೆಳಗೆ ಅಡಗಿರುವಾಗ ಮೇಲಿನಿಂದ ಸುರಿದ ಬೋರ್ಡೋ ದ್ರಾವಣ ಅಲ್ಲಿಗೆ ಎಷ್ಟು ಮುಟ್ಟೀತು? ಆದರೆ ಎಲೆಚುಕ್ಕೆಯ ಮಟ್ಟಿಗೆ ಮೇಲಿನಿಂದ ಹೊಡೆಯುವುದೇ ಸರಿಯಾದ ದಾರಿ. ಆದುದರಿಂದ ಈ ವ್ಯವಹಾರ ಬೆಳೆಯಲಿದೆಯೆಂದು ಭಾವಿಸಲು ಆಧಾರಗಳಿವೆ.

ಸರ್ಕಾರದ ನೀತಿಯೂ ಇದಕ್ಕೆ ಇಂಬಾಗಿದೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಹಿಂದಿನ ಪರವಾನಗಿಗಳ ಗೋಜಲನ್ನು ಬಹುಮಟ್ಟಿಗೆ ಬಿಡಿಸಿದವು. 2022ರ ಫೆಬ್ರುವರಿ 9ರಂದು ವಿದೇಶೀ ಡ್ರೋನ್‌ಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಲಾಯಿತು. ಬಿಡಿಭಾಗಗಳ ಆಮದಿಗೆ ಮಾತ್ರ ತಡೆಯಿರಲಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಯೋಜನೆಯು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯಿಟ್ಟು, ಬೆಲೆಯ ಶೇ. 80ರಷ್ಟನ್ನು, ಗರಿಷ್ಠ 8 ಲಕ್ಷ ರೂ.ವರೆಗೆ, ಸಹಾಯಧನವಾಗಿ ನಿಗದಿಪಡಿಸಿತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬಗೆಯ ಡ್ರೋನ್‌ಗಳಿಗೂ ಜಿ.ಎಸ್.ಟಿ. ದರ ಶೇ. 5 ಆಗಿದೆ. ಕೊಳ್ಳುವವರಿಗೆ ದಾರಿ ಸುಗಮವಾಯಿತು. ಕೊಂಡ ಯಂತ್ರ ಎರಡನೆಯ, ಮೂರನೆಯ ಮಳೆಗಾಲದಲ್ಲಿಯೂ ಹಾರುವುದೇ ಎಂಬ ಪ್ರಶ್ನೆಗೆ ಮಾತ್ರ ಈ ಯಾವ ಯೋಜನೆಯಲ್ಲಿಯೂ ಉತ್ತರವಿಲ್ಲ.

ಲೆಕ್ಕ ಪರಿಶೋಧಕನೊಬ್ಬ ಯಂತ್ರದ ಒಳಭಾಗದ ಬಗ್ಗೆ ಬರೆಯುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ನನ್ನ ಕಕ್ಷಿದಾರರಲ್ಲಿ ಈ ಸೇವೆಯನ್ನು ಆರಂಭಿಸಿದ ಯುವಕರಿದ್ದಾರೆ. ಅವರ ಲಾಭ-ನಷ್ಟ ಪತ್ರಿಕೆಯಲ್ಲಿ ದುರಸ್ತಿಯ ಬಾಬತ್ತು ಎರಡನೆಯ ವರ್ಷದಿಂದ ಏಕೆ ಜಿಗಿಯುತ್ತದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಸಂಗತಿಯಿದು. ಒಬ್ಬರ ಯಂತ್ರವು ಟ್ಯಾಂಕ್ ಬರಿದಾಗಿ ಮರಳುವ ಹೊತ್ತಿಗೆ ಆಜ್ಞೆಯಿಲ್ಲದೆಯೇ ಸರ್ರನೆ ಮೇಲೇರಿ, ಓಲಾಡಿ, ಕಣಿವೆಯ ಆಚೆಯ ಬೆಟ್ಟದಲ್ಲಿ ಬಿದ್ದಿತು. ಮೋಟರು, ಬ್ಯಾಟರಿ, ಜಿ.ಪಿ.ಎಸ್. ಎಲ್ಲವೂ ಸುಸ್ಥಿತಿಯಲ್ಲಿದ್ದವು. ದೋಷವಿದ್ದದ್ದು ಯಂತ್ರದ ಮಿದುಳಾದ ಫ್ಲೈಟ್ ಕಂಟ್ರೋಲರಿನ ಕೆಳಗಿನ ನಾಲ್ಕು ಪುಟ್ಟ ರಬ್ಬರ್ ತುಂಡುಗಳಲ್ಲಿ. ಡ್ಯಾಂಪರ್ ಎಂದು ಕರೆಯಲಾಗುವ ಅವು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಬಿದ್ದ ಜಾಗದಲ್ಲಿ ಸೊಪ್ಪು ಕೊಯ್ಯುವವರು ಇರಲಿಲ್ಲವೆಂಬುದೊಂದೇ ಸಮಾಧಾನ.

ಆ ತುಂಡುಗಳಿಗೆ ಇಷ್ಟು ಮಹತ್ವವೇಕೆ? ಫ್ಲೈಟ್ ಕಂಟ್ರೋಲರಿನಲ್ಲಿ ಉಗುರಿಗಿಂತ ಚಿಕ್ಕದಾದ ಚಿಪ್ ಒಂದಿರುತ್ತದೆ. ಅದರೊಳಗೆ ಸಿಲಿಕಾನಿನ ಸೂಕ್ಷ್ಮ ತುಣುಕೊಂದು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಯಂತ್ರ ಅತ್ತಿತ್ತ ಚಲಿಸಿದಾಗ ಆ ತುಣುಕು ಎಷ್ಟು ಸರಿಯಿತೆಂಬುದನ್ನು ಅಳೆದು, ವೇಗದಲ್ಲಾದ ಬದಲಾವಣೆಯನ್ನು ತಿಳಿಯಲಾಗುತ್ತದೆ. ಹೀಗೆ ಸೆಕೆಂಡಿಗೆ ನೂರಾರು ಬಾರಿ ತೆಗೆದ ಅಳತೆಗಳನ್ನು ಕೂಡಿಸುತ್ತಾ ಹೋಗಿ ವೇಗವನ್ನೂ, ವೇಗವನ್ನು ಕೂಡಿಸಿ ಎತ್ತರವನ್ನೂ ಯಂತ್ರ ಅಂದಾಜಿಸುತ್ತದೆ. ವರ್ತಕರಿಗೆ ಇದು ಪರಿಚಿತ ಪದ್ಧತಿಯೇ. ಕೀರ್ದಿಯಲ್ಲಿ ಬಿದ್ದ ತಪ್ಪು ನಮೂದು ಖಾತೆಗೆ ಸಾಗುತ್ತದೆ, ಖಾತೆಯಿಂದ ತಾಳೆಪಟ್ಟಿಗೆ ಸಾಗುತ್ತದೆ. ಪ್ರೊಪೆಲ್ಲರಿನ ಕಂಪನ ನೇರವಾಗಿ ಚಿಪ್ಪಿಗೆ ತಲುಪಿದರೆ ಕೀರ್ದಿಯೇ ಕೆಟ್ಟಂತೆ. ಸಾಮಾನ್ಯವಾಗಿ ಈ ಚಿಪ್ಪುಗಳು ಗುರುತ್ವದ 16 ಪಟ್ಟಿನವರೆಗಿನ ವೇಗೋತ್ಕರ್ಷವನ್ನು ಅಳೆಯುವಂತೆ ಹೊಂದಿಸಲ್ಪಟ್ಟಿರುತ್ತವೆ; ಅದಕ್ಕೂ ಮೇಲಿನದು ಕತ್ತರಿಸಿ ಹೋಗುತ್ತದೆ. ಆಗ ಯಂತ್ರವು ತಾನು ಕೆಳಗಿಳಿಯುತ್ತಿದ್ದೇನೆಂದು ತಪ್ಪಾಗಿ ತಿಳಿದು, ಅದನ್ನು ಸರಿಪಡಿಸಲು ಮೋಟರುಗಳಿಗೆ ಪೂರ್ಣ ಶಕ್ತಿ ನೀಡಿ ಮೇಲಕ್ಕೆ ನುಗ್ಗುವುದುಂಟು. ಮೇಲೆ ಹೇಳಿದ ಪ್ರಕರಣದಲ್ಲಿ ಆದದ್ದು ಇದೇ.

ರಬ್ಬರು ಇಟ್ಟರೆ ಕಂಪನ ನಿಲ್ಲುತ್ತದೆ ಎಂಬುದು ನಮ್ಮಲ್ಲಿನ ಸಾಮಾನ್ಯ ನಂಬಿಕೆ. ಅಡಿಕೆ ಸುಲಿಯುವ ಯಂತ್ರದ ಕಾಲಿನಡಿಯಲ್ಲಿ, ಪಂಪ್‌ಸೆಟ್ಟಿನ ತಳದಲ್ಲಿ ಹಳೆಯ ಟಯರಿನ ತುಂಡು ಇಡುವುದು ಆ ನಂಬಿಕೆಯಿಂದಲೇ. ಭಾರವಾದ ಯಂತ್ರದಡಿ ಅದು ಒಂದಿಷ್ಟು ಕೆಲಸ ಮಾಡುತ್ತದೆ ಕೂಡ. ಆದರೆ ರಬ್ಬರಿನ ಮೇಲೆ ಕುಳಿತ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನದ ವೇಗವಿರುತ್ತದೆ. ವಸ್ತು ಭಾರವಾದಷ್ಟೂ, ರಬ್ಬರು ಮೃದುವಾದಷ್ಟೂ ಅದು ಕಡಿಮೆ. ಹೊರಗಿನ ಕಂಪನವು ಈ ಸಹಜ ವೇಗದ ಸುಮಾರು 1.4 ಪಟ್ಟನ್ನು ಮೀರಿದಾಗ ಮಾತ್ರ ರಬ್ಬರು ಅದನ್ನು ತಡೆಯಲಾರಂಭಿಸುತ್ತದೆ. ಅದಕ್ಕಿಂತ ಕೆಳಗೆ ರಬ್ಬರು ಕಂಪನವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಎರಡೂ ಸಮವಾದರೆ ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ ಕಂಪನ ಏರುತ್ತಲೇ ಹೋಗುತ್ತದೆ. ಕಂಟ್ರೋಲರಿನ ಹಲಗೆ ಕೆಲವೇ ಹತ್ತು ಗ್ರಾಂ ತೂಗುವ ವಸ್ತು. ಅಷ್ಟು ಹಗುರವಾದುದು ಟಯರಿನ ರಬ್ಬರನ್ನು ಒತ್ತುವುದೇ ಇಲ್ಲ. ಸಹಜ ವೇಗವು ಸೆಕೆಂಡಿಗೆ 20 ಆಗಬೇಕಾದರೆ ಡ್ಯಾಂಪರು ತನ್ನ ಮೇಲಿನ ಭಾರಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಕುಗ್ಗಬೇಕಾಗುತ್ತದೆ. ಅದಕ್ಕಾಗಿಯೇ ಜಾಣ ತಯಾರಕರು ಕಂಟ್ರೋಲರಿನೊಡನೆ ಒಂದು ಲೋಹದ ತಟ್ಟೆಯನ್ನು ಸೇರಿಸಿ ಭಾರ ಹೆಚ್ಚಿಸಿ, ಬಳಿಕ ಮೃದುವಾದ ಡ್ಯಾಂಪರ್ ಹಾಕುತ್ತಾರೆ. ಅತಿಯಾಗಿ ಮೃದುವಾದರೂ ಕಷ್ಟ. ಯಂತ್ರ ವಾಲಿದ ಸುದ್ದಿ ಚಿಪ್ಪಿಗೆ ತಡವಾಗಿ ತಲುಪಿ ಯಂತ್ರ ತೂರಾಡತೊಡಗುತ್ತದೆ.

ಈಗ ನಮ್ಮ ವೃತ್ತಿಯ ಭಾಷೆಯಲ್ಲಿ ಒಂದು ಅಂದಾಜು ಪತ್ರಿಕೆ ತಯಾರಿಸೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಸೂತ್ರ ಮಾತ್ರ ಎಲ್ಲೆಡೆಯೂ ಒಂದೇ. ತುಂಬಿದ ಟ್ಯಾಂಕಿನೊಡನೆ 25 ಕಿಲೋ, ಬರಿದಾದಾಗ 15 ಕಿಲೋ ತೂಗುವ ಯಂತ್ರವಿದೆಯೆನ್ನಿ. ತುಂಬಿದಾಗ ಪ್ರೊಪೆಲ್ಲರು ನಿಮಿಷಕ್ಕೆ 3,000 ಸುತ್ತು, ಅರ್ಥಾತ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಟ್ಯಾಂಕ್ ಖಾಲಿಯಾದಂತೆ ಅಷ್ಟು ಶಕ್ತಿ ಬೇಡವಾದ್ದರಿಂದ ಅದು ಸೆಕೆಂಡಿಗೆ ಸುಮಾರು 39ಕ್ಕೆ ಇಳಿಯುತ್ತದೆ. ಹೊಸ ಡ್ಯಾಂಪರಿನ ಸಹಜ ವೇಗ 20 ಇರಲಿ. ತುಂಬಿದ ಟ್ಯಾಂಕಿನಲ್ಲಿ ಒಡಲಿನ ಕಂಪನವನ್ನು 100 ಎಂದು ಹಿಡಿದರೆ ಚಿಪ್ಪಿಗೆ ತಲುಪುವುದು 19. ಟ್ಯಾಂಕ್ ಬರಿದಾದಾಗ 22. ಇಷ್ಟಾದರೆ ಚಿಂತೆಯಿಲ್ಲ. ಅದೇ ಡ್ಯಾಂಪರು ಹಳತಾಗಿ, ರಬ್ಬರಿನ ಗಟ್ಟಿತನವನ್ನು ಅಳೆಯುವ ಶೋರ್ ಮಾಪನದಲ್ಲಿ 35 ಇದ್ದುದು 50 ಆಯಿತೆನ್ನಿ. ಅದರ ಪೆಡಸುತನ ಸುಮಾರು ಒಂದೂಮುಕ್ಕಾಲು ಪಟ್ಟಾಗಿ ಸಹಜ ವೇಗ 20ರಿಂದ 26 ದಾಟುತ್ತದೆ. ಈಗ ತುಂಬಿದ ಟ್ಯಾಂಕಿನಲ್ಲಿ ಚಿಪ್ಪಿಗೆ ತಲುಪುವುದು 39, ಬರಿದಾದಾಗ 53. ವೇಗ ತಗ್ಗಿದಾಗ ಅಸಮತೋಲನದ ಬಲವೂ ತಗ್ಗುವುದೆಂಬುದನ್ನು ಗಣನೆಗೆ ತೆಗೆದುಕೊಂಡ ಮೇಲೂ ಇಷ್ಟು. ಹಾರಾಟದ ಕೊನೆಯಲ್ಲಿ, ಟ್ಯಾಂಕ್ ಬರಿದಾಗಿ ಮನೆಯತ್ತ ಮರಳುವಾಗಲೇ ಅವಘಡ ಸಂಭವಿಸುವುದು ಏಕೆಂಬುದಕ್ಕೆ ಈ ನಾಲ್ಕು ಅಂಕಿಗಳು ಸಾಕಷ್ಟು ವಿವರಣೆ ನೀಡುತ್ತವೆ.

ಇನ್ನು ನಮ್ಮ ಭಾಗಕ್ಕೇ ವಿಶೇಷವಾದ ಅಂಶವೊಂದಿದೆ. ಈ ಲೇಖನ ಬರೆಯಲು ಮುಖ್ಯ ಪ್ರೇರಣೆಯೂ ಅದೇ. ನಾವು ಹೊಡೆಯುವ ಮದ್ದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಲವಣ. ನೈಸರ್ಗಿಕ ರಬ್ಬರಿಗೆ ತಾಮ್ರವು ಪರಮ ವೈರಿ. ತಾಮ್ರದ ಅಂಶ ಸೇರಿದರೆ ಗಾಳಿಯ ಆಮ್ಲಜನಕವು ರಬ್ಬರನ್ನು ತ್ವರಿತವಾಗಿ ತಿಂದುಹಾಕುತ್ತದೆ. ರಬ್ಬರ್ ಉದ್ಯಮದಲ್ಲಿರುವವರಿಗೆ ಇದು ಹಳೆಯ ಪಾಠ. ಬಯಲುಸೀಮೆಯಲ್ಲಿ ಭತ್ತ, ಹತ್ತಿ, ತೊಗರಿಗೆ ಬೇರೆ ಔಷಧ ಸಿಂಪಡಿಸುವ ಯಂತ್ರಕ್ಕೆ ಈ ಉಪದ್ರವವಿಲ್ಲ. ನಮ್ಮಲ್ಲಾದರೋ ತಾಮ್ರದ ಹನಿ, ಸುಣ್ಣದ ಗಸಿ, ಜೂನ್-ಜುಲೈ ತಿಂಗಳ ತೇವ ಎಲ್ಲವೂ ಒಟ್ಟಾಗಿ ಯಂತ್ರದ ಒಡಲನ್ನು ಸೇರುತ್ತವೆ. ಎಲ್ಲಿಯೋ ತಯಾರಾಗಿ ಬಂದ ಡ್ಯಾಂಪರು ಯಾವ ಜಾತಿಯ ರಬ್ಬರಿನದೆಂದು ಮಾರುವವರಿಗೂ ತಿಳಿದಿರುವುದಿಲ್ಲ. ಸಿಲಿಕೋನಿನದಾಗಿದ್ದರೆ ಬಾಳುತ್ತದೆ. ನೈಸರ್ಗಿಕ ರಬ್ಬರಿನದಾಗಿದ್ದರೆ ಎರಡನೆಯ ಮಳೆಗಾಲಕ್ಕೆ ಅದರ ಗತಿ ಮೇಲೆ ಹೇಳಿದಂತೆ. ನೋಡಲು ಎರಡೂ ಒಂದೇ ಕಪ್ಪು ಗುಂಡಿ.

ದುರಸ್ತಿಯ ಅಂಗಡಿಗಳಲ್ಲಿ ನಡೆಯುವ ಕೆಲವು ಕ್ರಮಗಳೂ ಪ್ರಶ್ನಾರ್ಹವಾಗಿವೆ. ಡ್ಯಾಂಪರ್ ಹರಿದಾಗ ಎರಡೂ ಬದಿ ಅಂಟುವ ಫೋಮ್ ಟೇಪಿನಿಂದ ಕಂಟ್ರೋಲರನ್ನು ಅಂಟಿಸಿ ಕೊಡುವುದು ಒಂದು. ಚಿಕ್ಕ ಆಟಿಕೆ ವಿಮಾನದ ಪ್ರೊಪೆಲ್ಲರು ಸೆಕೆಂಡಿಗೆ ಮುನ್ನೂರು ಸುತ್ತಿಗೂ ಮೀರಿ ತಿರುಗುತ್ತದೆ, ಅಲ್ಲಿ ಟೇಪು ಸಾಕು. ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರಿನ ಕಂಪನವನ್ನು ಅದು ತಡೆಯಲಾರದು. ಹೊಸ ಡ್ಯಾಂಪರ್ ಹಾಕಿದ ನಂತರ ದಪ್ಪನೆಯ ತಂತಿಗಳನ್ನು ಬಿಗಿಯಾಗಿ ಎಳೆದು ಒಡಲಿಗೆ ಕಟ್ಟುವುದು ಇನ್ನೊಂದು. ಕಂಪನವು ರಬ್ಬರನ್ನು ಬಿಟ್ಟು ಆ ತಂತಿಯ ಸೇತುವೆಯ ಮೇಲೆ ನಡೆದು ಚಿಪ್ಪನ್ನು ಸೇರುತ್ತದೆ! ತೆಳು ತಂತಿಯನ್ನು ಸಡಿಲವಾಗಿ ಬಳಸಿ ಬಿಡಬೇಕೆಂಬುದು ಖರ್ಚಿಲ್ಲದ ಪರಿಹಾರ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಪ್ರೊಪೆಲ್ಲರನ್ನು ತೂಗಿ ಸಮತೋಲನ ನೋಡುವುದು. ಅಡಿಕೆ ಹೆಡೆಗೆ ತಾಗಿ ಅಂಚು ಕಿತ್ತ ಪ್ರೊಪೆಲ್ಲರನ್ನೇ ಮತ್ತೆ ಹಾರಿಸಿ, ರಬ್ಬರನ್ನು ದೂಷಿಸುವುದು ನ್ಯಾಯವಲ್ಲ.

ಈಚಿನ ಕೆಲವು ಕಂಟ್ರೋಲರುಗಳಲ್ಲಿ ಮೂರು ಚಿಪ್ಪುಗಳಿದ್ದು ಎರಡನ್ನು ಒಳಗಡೆಯೇ ಮೆತ್ತೆಯ ಮೇಲೆ ಕೂರಿಸಿರುತ್ತಾರೆ. ಕಂಪನವನ್ನು ತಂತ್ರಾಂಶದಿಂದಲೇ ಸೋಸಿ ತೆಗೆಯುವ ಉಪಾಯಗಳೂ ಬಂದಿವೆ. ಇನ್ನು ರಬ್ಬರಿನ ಹಂಗೇಕೆ ಎಂದು ಕೇಳುವವರುಂಟು. ಸೋಸುವುದಕ್ಕೂ ಮಿತಿಯಿದೆ, ಅಳತೆಯ ಮೇರೆ ಮೀರಿ ಕತ್ತರಿಸಿ ಹೋದದ್ದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಬೆಂಗಳೂರಿನಲ್ಲಿ ಎಚ್.ಎ.ಎಲ್. ರೂಪಿಸಿದ, 1992ರಲ್ಲಿ ಮೊದಲ ಬಾರಿಗೆ ಹಾರಿದ ಧ್ರುವ ಹೆಲಿಕಾಪ್ಟರಿನಲ್ಲಿಯೂ ಗೇರ್‌ಬಾಕ್ಸಿಗೂ ಒಡಲಿಗೂ ನಡುವೆ ಕಂಪನವನ್ನು ತಡೆಯಲೆಂದೇ ಪ್ರತ್ಯೇಕ ವ್ಯವಸ್ಥೆಯಿದೆ. ಚಾಲಕನಿಲ್ಲದ ಗುರಿ ವಿಮಾನ ‘ಲಕ್ಷ್ಯ’ವನ್ನು ರೂಪಿಸಿದ ಸಂಸ್ಥೆಯೂ ಬೆಂಗಳೂರಿನದೇ. ಈ ಜ್ಞಾನ ನಮ್ಮ ರಾಜ್ಯದಲ್ಲಿ ದಶಕಗಳಿಂದ ಇದೆ. ಘಟ್ಟದ ಮೇಲಿನ ದುರಸ್ತಿ ಅಂಗಡಿಗೆ ಅದು ಇಳಿದುಬಂದಿಲ್ಲ, ಅಷ್ಟೆ.

ಇಲ್ಲಿ ನಮ್ಮ ಸಣ್ಣ ಉದ್ದಿಮೆದಾರರಿಗೆ ಅವಕಾಶವಿದೆಯೆಂದು ನನ್ನ ಅಭಿಪ್ರಾಯ. ಅಚ್ಚಿನಲ್ಲಿ ಸಿಲಿಕೋನ್ ಒತ್ತಿ ತೆಗೆಯುವುದು ದೊಡ್ಡ ಬಂಡವಾಳದ ಕೆಲಸವಲ್ಲ. ಹುಬ್ಬಳ್ಳಿಯ ಮತ್ತು ಬೆಳಗಾವಿಯ ಕೈಗಾರಿಕಾ ವಸಾಹತುಗಳಲ್ಲಿ ಅಚ್ಚು ಕೊರೆಯಬಲ್ಲ ಕಾರ್ಖಾನೆಗಳಿವೆ. ಆದರೆ ಅತಿಯಾಸೆ ಸಲ್ಲದು. ಒಂದು ಯಂತ್ರಕ್ಕೆ ಬೇಕಾಗುವುದು ನಾಲ್ಕೋ ಎಂಟೋ ತುಂಡುಗಳು. ಮೂರು ತಾಲೂಕುಗಳ ಡ್ರೋನ್‌ಗಳನ್ನಷ್ಟೇ ನಂಬಿ ಯಾರೂ ಬದುಕಲಾರರು. ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್, ಪವರ್ ಸ್ಪ್ರೇಯರು, ಮರವೇರುವ ಯಂತ್ರ ಇವೆಲ್ಲಕ್ಕೂ ಭಾರಕ್ಕೆ ತಕ್ಕಂತೆ ಲೆಕ್ಕ ಹಾಕಿ ಮಾಡಿದ ಕಂಪನ ತಡೆಯ ಮೆತ್ತೆಗಳನ್ನು ಒದಗಿಸುವ ಘಟಕವಾದರೆ, ಡ್ರೋನಿನ ಡ್ಯಾಂಪರು ಅದರ ಒಂದು ಸಾಲಾಗಬಹುದು. ತಾಮ್ರಕ್ಕೆ ಜಗ್ಗದ ಡ್ಯಾಂಪರ್ ಎಂಬ ಹೆಸರು ಒಮ್ಮೆ ಬಂದರೆ ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಜಿಲ್ಲೆಗಳ ಅಡಿಕೆ ಸೀಮೆಯೆಲ್ಲ ಮಾರುಕಟ್ಟೆಯೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಯಂತ್ರಗಳು ಮಾದರಿ ಪ್ರಮಾಣಪತ್ರ ಪಡೆದವು. ತಯಾರಕರ ಒಪ್ಪಿಗೆಯಿಲ್ಲದ ಬಿಡಿಭಾಗವನ್ನು ರೈತನಿಗೆ ನೇರವಾಗಿ ಮಾರಿ ಯಂತ್ರ ಬಿದ್ದರೆ ವಿಮೆಯ ತಕರಾರು ತಪ್ಪದು. ಹಾನಿಗೊಳಗಾದ ಮೂರನೆಯವರ ವಿಮೆಯಂತೂ ನಿಯಮದ ಪ್ರಕಾರ ಕಡ್ಡಾಯ. ಡ್ರೋನ್ ತಯಾರಿಕಾ ಕಂಪನಿಗೆ ಪರೀಕ್ಷಾ ವರದಿಯೊಡನೆ ಮಾದರಿ ಕಳುಹಿಸಿ, ಅವರ ಅಧಿಕೃತ ಬಿಡಿಭಾಗವಾಗಿ ಸೇರುವುದೇ ಸರಿಯಾದ ದಾರಿ.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಡ್ರೋನಿಗೆ ಶೇ. 5 ಎಂದ ಮಾತ್ರಕ್ಕೆ ಡ್ಯಾಂಪರಿಗೂ ಶೇ. 5 ಎಂದು ಬಿಲ್ಲು ಹರಿಯುವಂತಿಲ್ಲ. ಡ್ರೋನಿನ ಭಾಗಗಳ ಶೀರ್ಷಿಕೆ 8807 ಇದೆಯಾದರೂ, ಸುಂಕಪಟ್ಟಿಯ 17ನೆಯ ವಿಭಾಗದ 2ನೆಯ ಟಿಪ್ಪಣಿಯು ವಲ್ಕನೀಕರಿಸಿದ ರಬ್ಬರಿನ ವಸ್ತುಗಳನ್ನು ‘ಭಾಗ’ಗಳಿಂದ ಹೊರಗಿಟ್ಟಿದೆ. ಅವು 4016ಕ್ಕೆ ಹೋಗುತ್ತವೆ, ದರ ಶೇ. 18. ಡ್ರೋನ್ ಜೋಡಿಸುವವರಿಗೆ ಇದರಿಂದ ಹೂಡುವಳಿ ತೆರಿಗೆ ಉಳಿದುಕೊಳ್ಳುತ್ತದೆ, ಮರುಪಾವತಿ ಕೇಳಬಹುದು. ಆದರೆ 2021ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸರಕಿನ ಮೇಲಿನ ತೆರಿಗೆಗೆ ಮಾತ್ರ, ಸೇವೆಯ ಮೇಲಿನದಕ್ಕಲ್ಲ. ಇನ್ನು ತೋಟಕ್ಕೆ ಮದ್ದು ಹೊಡೆದು ಕೊಡುವ ಸೇವೆ ಸಸ್ಯ ಸಂರಕ್ಷಣೆಯ ಕೃಷಿ ಕಾರ್ಯವಾದ್ದರಿಂದ ಜಿ.ಎಸ್.ಟಿ.ಯಿಂದ ವಿನಾಯಿತಿ ಪಡೆದಿದೆ. ಕೇಳಲು ಸಂತೋಷವೇ. ಆದರೆ ವಿನಾಯಿತಿ ಪಡೆದವನಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲ. ಯಂತ್ರದ ಮೇಲಿನ ಶೇ. 5, ದುರಸ್ತಿ ಬಿಲ್ಲಿನ ಮೇಲಿನ ಶೇ. 18 ಎರಡೂ ಅವನ ಕೈಯಿಂದಲೇ ಹೋಗುವ ಖರ್ಚು. ಸಾಲ ಮಾಡಿ ಯಂತ್ರ ಕೊಂಡವನಿಗೆ ಮಳೆ ಹೊಳವಾದ ನಾಲ್ಕು ದಿನ ಯಂತ್ರ ದುರಸ್ತಿಗೆ ಹೋಗಿ ಕುಳಿತರೆ ಆ ವರ್ಷದ ಕಂತು ಕಟ್ಟುವುದು ಕಷ್ಟ. ಅವನ ಗಿರಾಕಿಗಾದರೂ ಕಾಯಲು ಸಮಯವಿದೆಯೇ? ರೋಗ ಕಾಯುವುದಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟು. ಪ್ರತಿಯೊಂದು ಹಾರಾಟದ ಕಂಪನದ ದಾಖಲೆ ಯಂತ್ರದೊಳಗೇ ಉಳಿದಿರುತ್ತದೆ. ಅದನ್ನು ಓದುವ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಬಳಕೆಯಲ್ಲಿರುವ ಆರ್ಡುಪೈಲಟ್ ವ್ಯವಸ್ಥೆಯ ಮಾರ್ಗಸೂಚಿಯಂತೆ ಕಂಪನದ ಅಂಕಿ 30ರ ಒಳಗಿದ್ದರೆ ಸರಿ, 30 ದಾಟಿದರೆ ತೊಂದರೆ ಬರಬಹುದು, 60 ದಾಟಿದರೆ ಎತ್ತರ ಮತ್ತು ಸ್ಥಾನ ಕಾಯ್ದುಕೊಳ್ಳುವಲ್ಲಿ ಬಹುತೇಕ ಖಚಿತವಾಗಿ ತೊಂದರೆ. ಅಳತೆ ಕತ್ತರಿಸಿ ಹೋದ ಸಲಗಳ ಎಣಿಕೆ ಸೊನ್ನೆಯಿರುವುದು ಉತ್ತಮ. ಈ ಎರಡು ಅಂಕಿಗಳನ್ನು, ತುಂಬಿದ ಟ್ಯಾಂಕಿನದೊಂದು, ಬರಿದಾದ ಟ್ಯಾಂಕಿನದೊಂದು, ಪ್ರತಿ ಸರ್ವಿಸ್ ಬಿಲ್ಲಿನ ಹಿಂಭಾಗದಲ್ಲಿ ಬರೆದು ಕೊಡುವ ಪದ್ಧತಿಯನ್ನು ದುರಸ್ತಿ ಅಂಗಡಿಗಳು ಆರಂಭಿಸಬೇಕು. 1923ರಲ್ಲಿ ಸ್ಥಾಪನೆಗೊಂಡ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಿಂದ ಹಿಡಿದು ಹಳ್ಳಿಯ ಸೇವಾ ಸಹಕಾರಿ ಸಂಘಗಳವರೆಗೆ, ಬಾಡಿಗೆಗೆ ಡ್ರೋನ್ ಇಡುವ ಅಥವಾ ಅದಕ್ಕೆ ಸಾಲ ನೀಡುವ ಯಾವ ಸಂಸ್ಥೆಯಾದರೂ ಆ ಕಾಗದವನ್ನು ಕೇಳತೊಡಗಿದರೆ ಅಂಗಡಿಯವರು ಬರೆಯದೆ ಗತ್ಯಂತರವಿಲ್ಲ. ಬ್ಯಾಂಕಿನವರು ದಾಸ್ತಾನು ಪಟ್ಟಿ ಕೇಳುವುದಿಲ್ಲವೇ?

ನಮ್ಮ ವಾಣಿಜ್ಯ ಸಂಸ್ಥೆ ಮಾಡಬಹುದಾದ ಕಾರ್ಯವೂ ಒಂದಿದೆ. ರಬ್ಬರಿನ ಗಟ್ಟಿತನ ಅಳೆಯುವ ಶೋರ್ ಮಾಪಕ ಜೇಬಿನಲ್ಲಿ ಹಿಡಿಸುವ ಉಪಕರಣ. ಅಂತಹ ಒಂದನ್ನು ಕೊಂಡು ಕಚೇರಿಯಲ್ಲಿಟ್ಟು, ಸದಸ್ಯರಿಗೂ ಡ್ರೋನ್ ಸೇವೆ ನೀಡುವ ಯುವಕರಿಗೂ ಉಚಿತವಾಗಿ ಬಳಸಲು ಕೊಡಬೇಕು. ಡ್ಯಾಂಪರು ಬಹಳ ಚಿಕ್ಕದಾದ್ದರಿಂದ ಮಾಪಕದ ಅಂಕಿ ಕರಾರುವಾಕ್ಕಾಗಿ ಬರಲಾರದೆಂಬ ಆಕ್ಷೇಪ ಬರಬಹುದು. ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸಲು ಅಷ್ಟು ಸಾಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನವರನ್ನು ಕರೆದು, ಬೇರೆ ಬೇರೆ ಜಾತಿಯ ರಬ್ಬರಿನ ತುಂಡುಗಳನ್ನು ಶೇ. 1ರ ಬೋರ್ಡೋ ದ್ರಾವಣದಲ್ಲಿ ಒಂದು ಮಳೆಗಾಲ ಅದ್ದಿಟ್ಟು ತಿಂಗಳಿಗೊಮ್ಮೆ ಅಳೆದು ದಾಖಲಿಸುವ ಪ್ರಯೋಗವನ್ನು ಕೈಗೊಳ್ಳಬಹುದು. ಖರ್ಚು ಅತ್ಯಲ್ಪ. ಫಲಿತಾಂಶವನ್ನು ಈ ಪತ್ರಿಕೆಯಲ್ಲಿಯೇ ಪ್ರಕಟಿಸಿದರೆ ಡ್ಯಾಂಪರ್ ತಯಾರಿಸಬಯಸುವವರಿಗೆ ಯಾವ ಸಾಮಗ್ರಿ ಕೊಳ್ಳಬೇಕೆಂದು ತಿಳಿಯುತ್ತದೆ. ಮೊದಲ ಸಿಂಪರಣೆ ಮುಂಗಾರಿಗೆ ಮುನ್ನ, ಮೇ ಕೊನೆಯ ಹೊತ್ತಿಗೆ ಆರಂಭವಾಗುವುದರಿಂದ ತುಂಡುಗಳನ್ನು ಒಟ್ಟುಗೂಡಿಸುವ ಕೆಲಸ ಏಪ್ರಿಲಿನಲ್ಲಿಯೇ ಮುಗಿಯಬೇಕು. ತಮ್ಮಲ್ಲಿ ಹಳೆಯ ಡ್ಯಾಂಪರುಗಳಿರುವ ಸದಸ್ಯರು ಅವುಗಳನ್ನು ಎಸೆಯದೆ, ಯಾವ ವರ್ಷ ಹಾಕಿದ್ದು, ಎಷ್ಟು ಮಳೆಗಾಲ ಹಾರಿದ್ದು ಎಂದು ಚೀಟಿ ಅಂಟಿಸಿ ಕಚೇರಿಗೆ ತಲುಪಿಸಲು ಕೋರಿಕೆ.